ಪ್ಲಾಟಿನಲ್ಲಿ ಚೆಲ್ಲಿದ ಚರಗ

ಭೀಮಸೇನನ ಬೆನ್ನ ಮೇಲೆ ಇಪ್ಪತ್ತೇಳು ಎಂದು ಬರೆದಿತ್ತು.

ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಸಜ್ಜೆಯ ಕಡಬು ಎಡೆ ಇಟ್ಟು, ಕೈಮುಗಿದು ಏಳುವಾಗ ನನಗದು ಕಾಣಿಸಿತು. ಬಳಿದಿದ್ದ ಸುಣ್ಣದ ಅಡಿಯಿಂದ ಕೆಂಪು ಪೇಂಟಿನ ಅಂಕಿ ಇಣುಕುತ್ತಿತ್ತು. ಪಕ್ಕದಲ್ಲಿದ್ದ ಧರ್ಮರಾಯನನ್ನು ಬಗ್ಗಿ ನೋಡಿದೆ. ಅವನದು ನಲವತ್ತೊಂದು. ಅರ್ಜುನನದು ಅಳಿಸಿಹೋಗಿತ್ತು. ನಕುಲ ಸಹದೇವರಿಬ್ಬರಿಗೂ ಒಂದೇ ನಂಬರು (ಅವಳಿಗಳಲ್ಲವೇ, ಇರಲಿ).

ಇಪ್ಪತ್ತೇಳು ನಮ್ಮ ಪ್ಲಾಟಿನ ನಂಬರು.

ಅಂದರೆ ಇಷ್ಟು ಹೊತ್ತು ನಾನು ನಮ್ಮದೇ ಪ್ಲಾಟಿನ ಗಡಿಕಲ್ಲಿಗೆ ಪೂಜೆ ಮಾಡಿ, ‘ನಮ್ಮ ಪ್ಲಾಟು ಎಲ್ಲಿದೆ ಅಂತ ತೋರಿಸಪ್ಪಾ’ ಎಂದು ಅದನ್ನೇ ಬೇಡಿಕೊಳ್ಳುತ್ತಿದ್ದೆ.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಈ ಟೀಚರಿಗೆ ಬಿಸಿಲು ತಲೆಗೇರಿದೆ ಎಂದುಕೊಳ್ಳುತ್ತೀರಿ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಊರೊಳಗೆ ಯಾರೂ ಇರುವುದಿಲ್ಲ. ಎಲ್ಲರೂ ಹೊಲದಲ್ಲಿ. ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಗಿಡದ ಕೆಳಗೆ ಐದು ಕಲ್ಲು ನೆಟ್ಟು ಸುಣ್ಣ ಬಳಿದರೆ ಅವರೇ ಪಾಂಡವರು. ಅವರಿಗೆ ಪೂಜೆ, ಎಡೆ. ಆಮೇಲೆ ಒಬ್ಬರು ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಬುಟ್ಟಿಯಲ್ಲಿ ಕಲೆಸಿಕೊಂಡು ಬೆಳೆಯ ತುಂಬ ಚೆಲ್ಲುತ್ತ ಹೋಗುತ್ತಾರೆ, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಹೋಗುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಭೂಮಿತಾಯಿ ಈಗ ಬಸುರಿ, ಇದು ಅವಳ ಬಯಕೆಯ ಊಟ. ಅವಳದಾದ ಮೇಲೆ ನಮ್ಮ ಊಟ. (ಎಲ್ಲರ ಕಣ್ಣಿರುವುದು ಈ ಎರಡನೆಯದರ ಮೇಲೆ ಎಂಬುದನ್ನು ಭೂಮಿತಾಯಿಯೂ ಬಲ್ಲಳು.)

ಹೊಲ ಇಲ್ಲದವರು ಏನು ಮಾಡಬೇಕು? ಇದ್ದವರು ಕರೆಯುತ್ತಾರೆ, ಹೋಗಬೇಕು. ಹಾಗೆ ಕರೆಯುವುದು ನಮ್ಮ ಕಡೆಯ ರೂಢಿ, ಕರೆಯದಿದ್ದರೆ ಅದು ಮರ್ಯಾದೆಯಲ್ಲ. ಮದುವೆಯಾದಾಗಿನಿಂದ ನಾವೂ ಹಾಗೆ ಕರೆಸಿಕೊಂಡು, ಕಂಡವರ ಹೊಲದಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದವರೇ. ಆದರೆ ಈಗ ಆರೇಳು ವರ್ಷಗಳಿಂದ ಯಾರು ಕರೆದರೂ ಹೋಗುವುದಿಲ್ಲ. ಯಾಕೆಂದರೆ ನಮಗೂ ಭೂಮಿ ಆಗಿದೆ. ಮೂವತ್ತು ನಲವತ್ತು.

ಎಕರೆ ಅಲ್ಲ ಸ್ವಾಮಿ, ಅಡಿ.

ಪ್ಲಾಟಿನಲ್ಲಿ ಚರಗ ಚೆಲ್ಲುವುದೇ ಎಂದು ನಗಬೇಡಿ. ನಾನೊಬ್ಬಳೇ ಅಲ್ಲ, ಆ ಲೇಔಟಿನಲ್ಲಿ ಪ್ಲಾಟು ಹಿಡಿದವರೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಭೂಮಿ ಎಂದ ಮೇಲೆ ಭೂಮಿ. ರಿಜಿಸ್ಟರ್ ಆಗಿದೆ, ಉತಾರಿಯಲ್ಲಿ, ಅಂದರೆ ಸರ್ಕಾರಿ ಕಾಗದದಲ್ಲಿ, ಹೆಸರಿದೆ, ಚರಗ ಯಾಕೆ ಚೆಲ್ಲಬಾರದು?

ಊರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ತಾಳಿಕೋಟೆ. ಪರಸ್ಥಳದವರಿಗೆ ಊರ ಹೆಸರು ಹೇಳಿದರೆ ‘ಓ, ಯುದ್ಧ ಆದ ಊರಾ?’ ಎನ್ನುತ್ತಾರೆ. ನಾನೇ ಮೊನ್ನೆ ಕತ್ತಿ ಒರೆಸಿಟ್ಟು ಬಂದವಳೇನೋ ಎಂಬಂತೆ ನೋಡುತ್ತಾರೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಪ್ರತಿ ವರ್ಷ ಮಕ್ಕಳೆದುರು ಒಂದು ನಿಜ ಹೇಳುವ ಕರ್ಮ. ತಾಳಿಕೋಟೆ ಯುದ್ಧ ತಾಳಿಕೋಟೆಯಲ್ಲಿ ನಡೆಯಲೇ ಇಲ್ಲ. ನಡೆದದ್ದು ಎಲ್ಲೋ ದೂರದಲ್ಲಿ, ಕೃಷ್ಣಾ ಹೊಳೆಯ ಕಡೆ, ರಕ್ಕಸಗಿ ತಂಗಡಗಿ ಸೀಮೆಯಲ್ಲಿ. ಸೈನ್ಯಗಳು ನಮ್ಮೂರಲ್ಲಿ ಬಿಡಾರ ಹೂಡಿದ್ದವು, ಅಷ್ಟೆ. (ಅಂದರೆ ಬಾಡಿಗೆಗೆ ಇದ್ದವು.) ಇದನ್ನು ಹೇಳಿದ ದಿನ ಮಕ್ಕಳ ಮುಖ ಸಪ್ಪಗಾಗುತ್ತದೆ. ನನಗೂ ಪಾಪ ಅನಿಸುತ್ತದೆ.

ಜಾಗ ಒಂದು ಕಡೆ, ಹೆಸರು ಇನ್ನೊಂದು ಕಡೆ. ಈಗಿನ ಪ್ಲಾಟು ಮಾರುವವರು ಮಾಡುವುದೂ ಇದನ್ನೇ ಅಲ್ಲವೇ?

ನಮ್ಮ ಲೇಔಟಿನ ಹೆಸರು ಸಾಮ್ರಾಜ್ಯ ನಗರ. ‘ಐತಿಹಾಸಿಕ ನಗರಿಯಲ್ಲಿ ನಿಮ್ಮದೇ ಒಂದು ಸಾಮ್ರಾಜ್ಯ, ಬಸ್‌ಸ್ಟ್ಯಾಂಡಿನಿಂದ ಐದೇ ನಿಮಿಷ’ ಎಂದು ಪಾಂಪ್ಲೆಟ್ಟಿನಲ್ಲಿ ಇತ್ತು. ಐದು ನಿಮಿಷ ಎಂಬುದು ಸುಳ್ಳಲ್ಲ, ಹದ್ದಿಗೆ. ನಾವು ನೆಲದ ಮೇಲೆ ಹೋಗುವವರು, ಸ್ಕೂಟಿಯಲ್ಲಿ ಹೋದರೂ ಸೊಂಟ ಹಿಡಿದುಕೊಂಡು ಇಳಿಯಬೇಕು. ತಾಳಿಕೋಟೆ ತಾಲೂಕಾದ ಮೇಲೆ ಊರಿಗೆ ಹಿಡಿದ ಹುಚ್ಚು ಅದು. ಆಫೀಸುಗಳು ಬರುತ್ತವೆ, ಆಫೀಸರುಗಳು ಬರುತ್ತಾರೆ, ಅವರೆಲ್ಲ ಎಲ್ಲಿ ಇರಬೇಕು? ನಮ್ಮ ಪ್ಲಾಟು ಕೊಂಡು ಅಲ್ಲಿರುತ್ತಾರೆ. ಹೀಗೆಂದುಕೊಂಡು ಮಾಸ್ತರರು, ಕಂಡಕ್ಟರುಗಳು, ಕಿರಾಣಿ ಅಂಗಡಿಯವರು, ಔಷಧಿ ಅಂಗಡಿಯವರು (ಇದು ನಮ್ಮ ಮನೆಯವರು) ಎಲ್ಲರೂ ಮುಗಿಬಿದ್ದು ಹಿಡಿದರು.

ಲೇಔಟಿಗೆ ಕಮಾನು ಇದೆ. ಗೇಟಿದೆ. ‘ಮಕ್ಕಳ ಉದ್ಯಾನ’ ಎಂಬ ಬೋರ್ಡಿದೆ. ಇಲ್ಲದ್ದು ಒಂದೇ, ಮನೆ.

ಮನೆ ಯಾಕಿಲ್ಲ? ಲೈಟಿನ ಕಂಬ ಇಲ್ಲ, ನಳ ಇಲ್ಲ, ಹೇಗೆ ಕಟ್ಟುವುದು? ಕಂಬ ಯಾಕಿಲ್ಲ? ಮನೆಯೇ ಇಲ್ಲದಲ್ಲಿ ಕಂಬ ಯಾರಿಗೆ? ಯಾರಾದರೂ ಒಬ್ಬರು ಮೊದಲನೆಯ ಮನೆ ಕಟ್ಟಿದರೆ ಕಂಬ ಬರುತ್ತದೆ, ಕಂಬ ಬಂದರೆ ರೇಟು ಏರುತ್ತದೆ, ರೇಟು ಏರಿದರೆ ಮಾರಿ ಮಗಳ ಮದುವೆ ಮಾಡಬಹುದು. ಇದು ನಮ್ಮ ಲೆಕ್ಕ. ಪಕ್ಕದ ಪ್ಲಾಟಿನವರ ಲೆಕ್ಕವೂ ಇದೇ. ಇಡೀ ಸಾಮ್ರಾಜ್ಯ ನಗರದ ಮಾಲೀಕರು ಸೇರಿ ಈ ‘ಯಾರಾದರೂ ಒಬ್ಬರು’ ಬರುವುದನ್ನು ಕಾಯುತ್ತ ಕೂತಿದ್ದೆವು.

ಖಾಲಿ ಬಿಟ್ಟ ನೆಲ ಸುಮ್ಮನಿರುತ್ತದೆಯೇ? ಜಾಲಿ ಬೆಳೆಯಿತು. ಆಗ ಆ ಹೊಲವನ್ನು ಲೇಔಟಿಗೆ ಮಾರಿದ್ದ ಸಂಗಪ್ಪನೇ ಬಂದು, ನೀವು ಮನೆ ಕಟ್ಟುವವರೆಗೆ ನಾನು ಜೋಳ ಹಾಕಿಕೊಳ್ಳಲೇ ಎಂದು ಕೇಳಿದ. ಜಾಲಿಗಿಂತ ಜೋಳ ಮೇಲಲ್ಲವೇ? ಎಲ್ಲರೂ ಹೂಂ ಎಂದೆವು. ಹೊಲ ಮಾರಿದ ದುಡ್ಡು ಅವನ ಹತ್ತಿರ, ಹೊಲವೂ ಅವನ ಹತ್ತಿರ, ಉತಾರಿ ಮಾತ್ರ ನಮ್ಮ ಹತ್ತಿರ. ಈ ವ್ಯವಹಾರದಲ್ಲಿ ಜಾಣ ಯಾರು ಎಂದು ನಾನು ಹೇಳಬೇಕಿಲ್ಲ.

ಈಗ ಮೈಮುನಾ.

ನಮ್ಮ ಓಣಿಯ ಎದುರು ಸಾಲಿನಲ್ಲಿ ಎರಡು ಕೋಲಿಯ ಬಾಡಿಗೆ ಮನೆಯಲ್ಲಿ ಇರುವವಳು. ಬ್ಲೌಸು ಹೊಲಿಯುತ್ತಾಳೆ. ಗಂಡ ಖಾಜಾ ಮುದ್ದೇಬಿಹಾಳ ಸಿಂದಗಿ ಎಂದು ಗೂಡ್ಸ್ ಟೆಂಪೊ ಓಡಿಸುತ್ತಾನೆ. ಅವಳ ಅಜ್ಜನ ಅಜ್ಜನೂ ಇದೇ ಊರಿನವನು. ಯಾರಾದರೂ ಯುದ್ಧದ ಮಾತು ತೆಗೆದರೆ ‘ನಾವು ಅದಕ್ಕೂ ಮೊದಲಿನವ್ರು’ ಎನ್ನುತ್ತಾಳೆ. ಅಷ್ಟು ಹಳಬರಿಗೆ ಊರಲ್ಲಿ ಕಾಲೂರಲು ಒಂದು ಅಡಿ ಸ್ವಂತ ನೆಲ ಇಲ್ಲ. ಇದ್ದ ಹೊಲ ಅವಳ ಅಪ್ಪನ ಕಾಲಕ್ಕೇ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಯಿತು.

ಆ ಸಾಲಿನ ಮನೆಗಳೆಲ್ಲ ಒಬ್ಬರೇ ಸಾವಕಾರರವು. ದೀಪಾವಳಿ ಆಗುತ್ತಿದ್ದಂತೆ ಅವರು ಬಂದು, ಯುಗಾದಿಯೊಳಗೆ ಮನೆ ಬಿಡಿ ಎಂದರು. ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಲಾಡ್ಜು. ಅಂದಿನಿಂದ ಮೈಮುನಾ ಮನೆ ಹುಡುಕುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನೂ ಎಷ್ಟೋ ಸಲ ಜೊತೆಗೆ ಹೋದೆ. ಅಡ್ವಾನ್ಸು ಎಷ್ಟು ಕೇಳುತ್ತಾರೆ ಎಂದರೆ, ಇದೇನು ತಾಳಿಕೋಟೆಯೋ ಬೆಂಗಳೂರೋ ಎಂದು ಬಾಯಿಬಿಟ್ಟೇ ಕೇಳಿದೆ. ಇದು ತಾಲೂಕು ಕೇಂದ್ರ ಎಂದು ಉತ್ತರ ಬಂತು. ಒಬ್ಬರಿಗೆ ಹೊಲಿಗೆ ಮಷಿನ್ನಿನ ಸಪ್ಪಳ ಆಗುವುದಿಲ್ಲ. ಇನ್ನೊಬ್ಬರ ಮನೆ ಬೆಳಿಗ್ಗೆ ಖಾಲಿ ಇತ್ತು, ಹೆಸರು ಕೇಳಿದ ಮೇಲೆ ತುಂಬಿಹೋಯಿತು. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ‘ನಡೀರಿ ಅಕ್ಕಾ, ಮುಂದಿನ ಮನಿ ನೋಡೂನು’ ಎಂದಳು.

ಸ್ವಂತ ಪ್ಲಾಟಿಗೆ ಅಂತ ಅವಳೂ ಖಾಜಾನೂ ವರ್ಷಗಟ್ಟಲೆ ಕೂಡಿಸುತ್ತಲೇ ಇದ್ದಾರೆ. ಇವರು ಒಂದಿಷ್ಟು ಕೂಡಿಸುವಷ್ಟರಲ್ಲಿ ರೇಟು ಇನ್ನೊಂದಿಷ್ಟು ಮುಂದೆ ಹೋಗಿರುತ್ತದೆ. ಬಸ್ಸಿನ ಹಿಂದೆ ಓಡಿದ ಹಾಗೆ. ಕಂಡಕ್ಟರ್ ನೋಡುತ್ತಾನೆ, ಸೀಟಿ ಮಾತ್ರ ಊದುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಅವಳನ್ನು ಕರೆದೆ. ಈಗ ಭೂಮಿ ಇದ್ದವಳು ನಾನಲ್ಲವೇ, ಕರೆಯುವ ಸರದಿ ನನ್ನದು. ಅವಳಿಗೆ ಖುಷಿಯೋ ಖುಷಿ. ಅಪ್ಪನ ಹೊಲ ಇದ್ದಾಗ ಚಿಕ್ಕವಳು ಇವಳೇ ಬುಟ್ಟಿ ಹೊರುತ್ತಿದ್ದಳಂತೆ. ಹಿಂದಿನ ದಿನವೇ ಬಂದು ನನ್ನ ಜೊತೆ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದಳು. ಸಜ್ಜೆ ಕಡಬು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಮೂವತ್ತು ನಲವತ್ತಕ್ಕೆ ಇಷ್ಟು ಅಡುಗೆ ಬೇಕೇ ಎಂದು ನಮ್ಮ ಮನೆಯವರು ಕೇಳಿದರು. ಕೇಳಿದವರೇ ಎರಡು ಹೋಳಿಗೆ ಎತ್ತಿಕೊಂಡು ಹೋದರು.

ಹೋಗಿ ನೋಡಿದರೆ ನಮ್ಮ ಪ್ಲಾಟಿನಲ್ಲಿ ಬಾಗೇವಾಡಿ ಕಾಕಾ ಜಮಖಾನೆ ಹಾಸಿಕೊಂಡು ಕೂತಿದ್ದರು.

ಕಾಕಾ ಬಸವನ ಬಾಗೇವಾಡಿಯವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ಇದೇ ಊರಲ್ಲಿ ರಿಟೈರ್ ಆದವರು. ಪ್ಲಾಟು ಎಂದರೆ ಜೀವ. ಬಾಗೇವಾಡಿಯಲ್ಲೊಂದಿದೆ (ಮುಳವಾಡ ನೀರಾವರಿಯ ನೀರು ಬಂತು, ಇನ್ನು ದುಡ್ಡು ಬರುತ್ತದೆ). ಇಂಡಿಯಲ್ಲೊಂದಿದೆ (ನಿಂಬೆ ಇರುವ ಕಡೆ ರೊಕ್ಕ ಇರುತ್ತದೆ). ಸಿಂದಗಿಯಲ್ಲಿ ಬೈಪಾಸ್ ಬರಬಹುದು ಎಂದು ಒಂದು, ಮುದ್ದೇಬಿಹಾಳದಲ್ಲಿ ರೈಲು ಬರಬಹುದು ಎಂದು ಒಂದು, ಮತ್ತೆ ನಮ್ಮ ಪಕ್ಕದ ಇಪ್ಪತ್ತೆಂಟು. ಒಟ್ಟು ಐದು. ಇಷ್ಟೆಲ್ಲ ಇದ್ದು ಕಾಕಾ, ಅವರ ಹೆಂಡತಿ ಕಾಕೂ ಇರುವುದು ಎಲ್ಲಿ? ನಮ್ಮ ಓಣಿಯ ತುದಿಯಲ್ಲಿ, ಬಾಡಿಗೆ ಮನೆಯಲ್ಲಿ. ಯಾಕೆಂದು ಕೇಳಿದರೆ ಮನೆ ಕಟ್ಟಿದ ದುಡ್ಡು ಸತ್ತ ದುಡ್ಡು, ಪ್ಲಾಟಿನಲ್ಲಿ ಇಟ್ಟದ್ದು ಬೆಳೆಯುವ ದುಡ್ಡು ಎನ್ನುತ್ತಾರೆ. ಅಮಾವಾಸ್ಯೆಯ ದಿನ ಅವರ ಪಾಡು ನೋಡಬೇಕು. ಒಂದೇ ದಿನದಲ್ಲಿ ಐದೂ ಕಡೆ ಚರಗ ಚೆಲ್ಲಬೇಕು. ನಸುಕಿನಲ್ಲೇ ಕಾರು ಹತ್ತಿ, ಕಾಕೂನ ಮಡಿಲಲ್ಲಿ ಪಾತೇಲಿ ಇಟ್ಟು, ಊರಿಂದೂರಿಗೆ ಓಡುತ್ತಾರೆ. ಅಂದು ನಮ್ಮ ಊರು ಅವರಿಗೆ ಎರಡನೆಯ ಸ್ಟಾಪು.

ನಮ್ಮ ಮನೆಯವರು ಮಾತು ಕಡಿಮೆ. ಆದರೆ ಭೂಮಿಯ ವಿಷಯ ಬಂದರೆ ಎಂಥವರಿಗೂ ಬಾಯಿ ಬರುತ್ತದೆ. ಕಾಕಾ, ಇದು ನಮ್ಮದು, ನಿಮ್ಮದು ಆಚೆಯದು ಎಂದರು. ಕಾಕಾ ಕಡಬು ಕೈಯಲ್ಲಿ ಹಿಡಿದೇ, ಗೇಟಿನಿಂದ ಎಣಿಸಿಕೊಂಡು ಬಂದಿದ್ದೇನೆ ಎಂದರು. ನಮ್ಮವರು ಬೇವಿನ ಗಿಡದಿಂದ ಎಣಿಸಿದವರು. ಗಡಿಕಲ್ಲು ನೋಡೋಣ ಎಂದರೆ ಒಂದು ಕಲ್ಲೂ ಇಲ್ಲ, ಎಲ್ಲ ಕಡೆ ಜೋಳ. ಹೆಜ್ಜೆ ಹಾಕಿ ಅಳೆದರು. ಕಾಕಾರ ಹೆಜ್ಜೆ ಗಿಡ್ಡ, ಇವರದು ಉದ್ದ, ಅದಕ್ಕೇ ಒಂದು ಜಗಳ. ಮೈಮುನಾಳ ಕೊರಳಲ್ಲಿ ಯಾವಾಗಲೂ ಇರುವ ಅಳತೆ ಟೇಪನ್ನು ಇವರು ಕಿತ್ತುಕೊಂಡರು. ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಕಾಕಾರ ಕೈಯಲ್ಲಿ. ತೋಳಿನ ಅಳತೆ ತೆಗೆಯುವ ಟೇಪು ಅದು, ಎಷ್ಟು ಉದ್ದ ಬಂದೀತು? ಇಬ್ಬರೂ ಬಾಗಿ, ಎದ್ದು, ಬಾಗಿ, ಜೋಳದೊಳಗೆ ಮುಳುಗಿ ಏಳುತ್ತಿದ್ದರು. ಒಮ್ಮೆ ಅಳೆದಾಗ ಜಮಖಾನೆ ನಮ್ಮದರಲ್ಲಿ ಬಂತು, ಇನ್ನೊಮ್ಮೆ ಅವರದರಲ್ಲಿ. ಕಾಕೂ ಮತ್ತು ನಾನು ಮೊದಮೊದಲು ನಕ್ಕೆವು. ಆಮೇಲೆ ಕಾಕೂ ಅವರ ಪರ ಒಂದು ಮಾತಾಡಿದರು. ನಾನು ಇವರ ಪರ ಎರಡು ಮಾತಾಡಿದೆ. ಓಣಿಯಲ್ಲಿ ದಿನಾ ಕೊತ್ತಂಬರಿ ಹಂಚಿಕೊಳ್ಳುವವರು ನಾವು.

ನಾಲ್ಕೂವರೆ ಶತಮಾನ ತಡವಾದರೂ, ತಾಳಿಕೋಟೆ ಯುದ್ಧ ಕೊನೆಗೂ ತಾಳಿಕೋಟೆಯಲ್ಲೇ ನಡೆಯಿತು.

ಇಬ್ಬರೂ ಅಲ್ಲಿ ಇರುವವರಲ್ಲ. ಇಬ್ಬರೂ ಅಲ್ಲಿ ಮನೆ ಕಟ್ಟುವವರಲ್ಲ. ಮಾರಲೆಂದೇ ಇಟ್ಟ ನೆಲಕ್ಕೆ ಬೆವರು ಸುರಿಸಿ ಹೊಡೆದಾಟ. ಪಕ್ಕದಲ್ಲಿ ನಿಂತು ನೋಡುತ್ತಿದ್ದವಳಿಗೆ ಯುಗಾದಿ ಆದ ಮೇಲೆ ಇರಲು ಮನೆಯಿಲ್ಲ. ನನಗೆ ಆಗ ಇದೆಲ್ಲ ತಲೆಗೆ ಬರಲಿಲ್ಲ. ಪೂಜೆಯಾದರೂ ಮುಗಿಸೋಣವೆಂದು ಬೇವಿನ ಗಿಡದ ಕೆಳಗೆ ಸಂಗಪ್ಪ ನೆಟ್ಟಿದ್ದ ಪಾಂಡವರ ಹತ್ತಿರ ಹೋದೆ. ಆಗಲೇ ಭೀಮಸೇನ ನನಗೆ ಬೆನ್ನು ತೋರಿಸಿದ್ದು.

ಸಂಗಪ್ಪನನ್ನು ಕರೆದೆವು. ಅವನು ಬದುವಿನ ಮೇಲೆ ತನ್ನ ಮೊಮ್ಮಕ್ಕಳ ಜೊತೆ ಊಟಕ್ಕೆ ಕೂರುವುದರಲ್ಲಿದ್ದ. ನಿಧಾನಕ್ಕೆ ಬಂದ. ಮೊದಲು ತುಳಿದ ಜೋಳ ನೋಡಿದ, ಆಮೇಲೆ ನಮ್ಮನ್ನು ನೋಡಿದ.

“ಗಡಿಕಲ್ಲು ಹೊಲಾ ಹರಗೂ ಕುಂಟಿಗಿ ತೊಡಕ ಆಗ್ತಿದ್ವುರೀ. ಕಿತ್ತು ಬದುವಿಗೆ ಒಟ್ಟೇನಿ” ಎಂದ. “ಐದು ಚಲೋ ಕಲ್ಲು ಇದ್ವು, ಪಾಂಡವರನ್ನ ಮಾಡೇನಿ. ಮನಿ ಕಟ್ಟಾವ್ರು ಯಾರರ ಬಂದ್ರ ತಿರುಗಿ ಕೊಡೂನು ಅಂತ ಇದ್ದೆ. ಇಷ್ಟು ವರ್ಷ ಆತು, ಒಬ್ರೂ ಬರಲಿಲ್ಲ. ಈಗ ಕಟ್ಟಾವ್ರು ಯಾರು, ನೀವೋ ಇವ್ರೋ?”

ಕಾಕಾ ಕೈಯಲ್ಲಿದ್ದ ಕಡಬು ಬಾಯಿಗೆ ಹಾಕಿಕೊಂಡರು.

ಬಿಸಿಲು ಏರುತ್ತಿತ್ತು. ಚರಗ ಯಾರು ಚೆಲ್ಲಬೇಕು, ಎಲ್ಲಿ ಚೆಲ್ಲಬೇಕು? ನಮ್ಮದು ಯಾವುದು ಎಂದು ನಮಗೆ ಗೊತ್ತಿಲ್ಲ, ಅವರದು ಅವರಿಗೆ ಗೊತ್ತಿಲ್ಲ. ಭೂಮಿತಾಯಿಗೆ ಹಸಿವಾಗಿದೆ, ಯಾರ ಕೈಯಿಂದ ಆದರೇನು ಎಂದು ಸಂಗಪ್ಪ ಗೊಣಗಿದ. ಮೈಮುನಾ ಯಾರನ್ನೂ ಕೇಳಲಿಲ್ಲ. ಎರಡೂ ಮನೆಯ ಅಡುಗೆ ಒಂದೇ ಬುಟ್ಟಿಗೆ ಹಾಕಿ ಕಲೆಸಿದಳು, ಸೆರಗು ತಲೆಗೆ ಬಿಗಿದಳು, ಜೋಳದೊಳಗೆ ನಡೆದಳು. ‘ಹುಲ್ಲುಲ್ಲಿಗೋ’ ಎಂದು ಚರಗದ ಕೂಗು ಹಾಕಿದರೆ ಬದುವಿನ ಮೇಲಿಂದ ಸಂಗಪ್ಪನ ಮೊಮ್ಮಕ್ಕಳು ‘ಚಲ್ಲಂಬ್ರಿಗೋ’ ಎಂದರು. ನೀರಿನ ತಂಬಿಗೆ ಹಿಡಿದು ಹಿಂದೆ ಹೋದವರು ಯಾರು ಗೊತ್ತೇ? ಕಾಕಾ. ಒಂದು ಪ್ಲಾಟಿನಿಂದ ಇನ್ನೊಂದಕ್ಕೆ, ರೋಡು ಎಂದು ಬಿಟ್ಟಲ್ಲಿಂದ ಪಾರ್ಕು ಎಂದು ಬಿಟ್ಟಲ್ಲಿಗೆ, ಆ ತುದಿಯವರೆಗೆ ಚೆಲ್ಲಿಕೊಂಡು ಹೋದಳು. ಅಷ್ಟು ದೂರ ಹೋದ ಮೇಲೆ ಅವಳ ದನಿ ಮಾತ್ರ ಕೇಳುತ್ತಿತ್ತು, ಆಳು ಕಾಣುತ್ತಿರಲಿಲ್ಲ.

ಊಟಕ್ಕೆ ಎರಡೂ ಜಮಖಾನೆ ಕೂಡಿಸಿ ಹಾಸಿದೆವು. ಹೊಟ್ಟೆ ತುಂಬಿದ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಕಾಕಾ ಕೈ ತೊಳೆದು, ಎಂದಿನ ಹಾಡು ತೆಗೆದರು. ಯಾರಾದರೂ ಒಬ್ಬರು ಮೊದಲನೆಯ ಮನೆ ಕಟ್ಟಬೇಕು, ಆಮೇಲೆ ನೋಡಿ ಈ ನೆಲದ ಕಿಮ್ಮತ್ತು ಎಂದರು. ನಮ್ಮವರು ಹೂಂ ಎಂದರು. ನಾನೂ ಹೂಂ ಎಂದೆ.

ಮೈಮುನಾ ಮೊಸರಿನ ಗಡಿಗೆ ಮುಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ನನಗ ಕೊಡ್ರಿ. ನಾ ಕಟ್ತೇನಿ. ನೀವು ಹಿಡದ ರೇಟಿಗೆ ಕೊಟ್ರ ನಾಳೆನ ಪಾಯಾ ತಗಸ್ತೇನಿ. ಕಂಬ ಬರೂತನಕ ಕಂದೀಲು ಹಚ್ಚಿಕೊಂಡು ಇರ್ತೇನಿ.”

ಕಾಕಾ ನಕ್ಕರು. ಆಮೇಲೆ ಇವಳು ಚೇಷ್ಟೆ ಮಾಡುತ್ತಿಲ್ಲ ಎಂದು ತಿಳಿದು ನಗು ನಿಲ್ಲಿಸಿದರು. ಬ್ಯಾಂಕಿನಲ್ಲಿ ಸಾಲ ಇಲ್ಲ ಎಂದು ಹೇಳುವಾಗಿನ ಮೆತ್ತಗಿನ ದನಿಯಲ್ಲಿ ತಿಳಿಸಿ ಹೇಳಿದರು. ಹಳೆಯ ರೇಟಿಗೆ ಒಂದು ಪ್ಲಾಟು ಹೋಯಿತು ಎಂದರೆ ಅದೇ ರೇಟು ಎಲ್ಲರ ಬಾಯಲ್ಲಿ ಕೂರುತ್ತದೆ, ಇಡೀ ಲೇಔಟಿನ ಮರ್ಯಾದೆ ಹೋಗುತ್ತದೆ, ಇದು ನಮ್ಮೊಬ್ಬರ ಪ್ರಶ್ನೆ ಅಲ್ಲ ಎಂದರು. ಮನೆ ಬೇಕು, ಆದರೆ ಮನೆ ಕಟ್ಟಿಕೊಳ್ಳಲು ಶಕ್ತಿ ಇರುವವರ ಮನೆ ಬೇಕು. ಅಂಥ ಶಕ್ತಿ ಇರುವವರೇ ನಾಲ್ಕಾರು ಊರಲ್ಲಿ ಪ್ಲಾಟು ಹಿಡಿದು ಕೂತಿರುವಾಗ ಇಲ್ಲೇಕೆ ಕಟ್ಟುತ್ತಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನಗೂ ಒಳಗೊಳಗೇ ರೇಟಿನ ಭಯ ಹತ್ತಿತ್ತು. ಮೈಮುನಾ ಎಲ್ಲ ಕೇಳಿಸಿಕೊಂಡು ‘ಆತ್ರಿ’ ಎಂದಳು, ಪಾತ್ರೆ ತುಂಬಿದಳು. ಖಾಲಿ ಬುಟ್ಟಿ ಹಿಡಿದು ಸ್ಕೂಟಿಯ ಹಿಂದೆ ಕೂತಳು.

ಅಮಾವಾಸ್ಯೆಯ ಮರುದಿನ ಕಾಕಾ ನಮ್ಮ ಮನೆಯವರ ಅಂಗಡಿಗೆ ಬಂದರು. ನೀವು ಎಲ್ಲಿ ಮನಸು ಕರಗಿ ಹೂಂ ಅಂದುಬಿಡುತ್ತೀರೋ ಎಂದು ರಾತ್ರಿಯೆಲ್ಲ ನಿದ್ದೆ ಇಲ್ಲ ಎಂದರು. ಕೊಡುವುದಿದ್ದರೆ ನನಗೇ ಕೊಡಿ, ಇವತ್ತಿನ ರೇಟಿಗೆ, ಪೂರ್ತಿ ರೊಕ್ಕ ಒಮ್ಮೆಲೇ ಕೊಡುತ್ತೇನೆ ಎಂದರು. ಆರನೆಯ ಪ್ಲಾಟು! ಆರನೆಯ ಪಾಂಡವನನ್ನು ಕೇಳಿದ್ದೀರಾ?

ಇವರು ಬಂದು ಊಟಕ್ಕೆ ಕೂತಾಗ ಹೇಳಿದರು. ಇವತ್ತಿನ ರೇಟು ಎಂದರೆ ಮಗಳ ಮದುವೆಯ ಅರ್ಧ ಭಾರ ಇಳಿಯಿತು. ನನ್ನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಕೊಡೂಣ್ರೀ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೆ ಎಂಬುದನ್ನು ಮಾತ್ರ ನಾಲಿಗೆ ಇನ್ನೂ ನಿರ್ಧರಿಸಿರಲಿಲ್ಲ.

ಇವರೇ ಮಾತಾಡಿದರು. ಮಾತು ಕಡಿಮೆ ಎಂದೆನಲ್ಲ, ಅಂಥವರು ಒಮ್ಮೊಮ್ಮೆ ಇಡೀ ವರ್ಷದ್ದನ್ನು ಒಂದೇ ದಿನ ಆಡುತ್ತಾರೆ.

“ಆಕಿ ನಿನ್ನೆ ಚರಗ ಚಲ್ಲುವಾಗ ನೋಡಿದ್ಯೋ ಇಲ್ಲೋ? ನಾವು ಅಲ್ಲಿ ಹೋದಾಗೆಲ್ಲ ಅಳತಿ ಮಾಡಕೋತ ನಡದೀವಿ. ಖುಷಿಲೆ ನಡದಾಕಿ ಆಕಿ ಒಬ್ಬಾಕಿನ.”

ನಾನು ಮಗಳ ಮದುವೆ ಎಂದೆ. ಅವಳಿನ್ನೂ ಡಿಗ್ರಿ ಮುಗಿಸಿಲ್ಲ ಎಂದರು. ಊಟ ಮುಂದುವರಿಸಿದರು.

ಪ್ಲಾಟು ಮೈಮುನಾಳಿಗೇ ಕೊಟ್ಟೆವು. ಹಾಗೆಂದು ನಾವೇನು ದಾನಶೂರರಲ್ಲ. ಹಿಡಿದ ರೇಟಿಗೆ ಕೊಡಲಿಲ್ಲ. ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಎಷ್ಟು ಬೆಳೆಯುತ್ತಿತ್ತೋ ಅಷ್ಟು ಮೇಲೆ ಹಾಕಿ ಕೇಳಿದೆವು. ಮೈಮುನಾ ಅಲ್ಲೂ ಚೌಕಾಸಿ ಮಾಡಿದಳು. (ಬ್ಲೌಸಿನ ಮಜೂರಿಯಲ್ಲಿ ನಾನು ಮಾಡಿದ ಚೌಕಾಸಿಯೆಲ್ಲ ಆ ದಿನ ಬಡ್ಡಿಸಮೇತ ತೀರಿತು.) ಸಂಕ್ರಾಂತಿ ಮುಗಿದ ಮೇಲೆ ಕಾಗದ ಆಯಿತು. ಲೇಔಟಿನವರು ನಕ್ಷೆ, ಸರಪಳಿ ಹಿಡಿದು ಬಂದು ಅಳೆದಾಗ ತಿಳಿದದ್ದು ಏನೆಂದರೆ, ಇಪ್ಪತ್ತೇಳೂ ಇಪ್ಪತ್ತೆಂಟೂ ಅಲ್ಲಿಲ್ಲ. ನಾವು ಯುದ್ಧ ಮಾಡಿದ್ದು ಇನ್ಯಾರೋ ಕಂಡಕ್ಟರ್ ಒಬ್ಬರ ಪ್ಲಾಟಿನಲ್ಲಿ. ತಾಳಿಕೋಟೆ ಯುದ್ಧದ ಹಣೆಬರಹವೇ ಅಷ್ಟು.

ಸಂಗಪ್ಪ ಭೀಮಸೇನನನ್ನು ತಾನೇ ಹೊತ್ತು ತಂದು ಮೂಲೆಗೆ ನೆಟ್ಟುಕೊಟ್ಟ. ಅವನ ಜಾಗಕ್ಕೆ ಬೇರೆ ಕಲ್ಲು ತಂದು ಸುಣ್ಣ ಬಳಿದ. ಆ ಮೂಲೆಯ ಜೋಳವನ್ನು ಹಸಿಯಾಗಿದ್ದಾಗಲೇ ಕೊಯ್ದ, ಕೊಯ್ಯುವಾಗ ಮುಖ ಸಣ್ಣದಾಗಿತ್ತು. ನನಗೆ ಅದು ಕೆಟ್ಟದೆನಿಸಿತು. ಮನೆ ಬರಲಿ ಎಂದು ಬಯಸಿದವರೆಲ್ಲ ಅವನ ಬೆಳೆ ಹೋಗುತ್ತದೆ ಎಂದು ಯೋಚಿಸಿದ್ದೆವೇ?

ಪಾಯ ತೆಗೆದ ದಿನ ‘ಸಾಮ್ರಾಜ್ಯ ನಗರ ಓನರ್ಸ್’ ಎಂಬ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಮೇಲೆ ಬೈಗುಳದ ಮಳೆ. ರೇಟು ಕೆಡಿಸಿದಿರಿ, ಲೇಔಟು ಹಾಳು ಮಾಡಿದಿರಿ ಎಂದು. ಖಾಜಾ ಹೊರತು ಯಾರೂ ನಮ್ಮ ಪರ ಒಂದು ಅಂಗುಷ್ಠವನ್ನೂ ಒತ್ತಲಿಲ್ಲ. ಗೋಡೆ ಎದೆಮಟ್ಟ ಬರುವಾಗ ಲೈಟಿನವರು ಬಂದು ಕಂಬಕ್ಕೆ ಕುಣಿ ತೋಡಿದರು. ಅದರ ಫೋಟೊ ಗ್ರೂಪಿಗೆ ಬಿದ್ದದ್ದೇ ಬೈಗುಳ ನಿಂತಿತು. ಏಜೆಂಟರು ಫೋನು ಮಾಡತೊಡಗಿದರು. ಮೊದಲನೆಯ ಮನೆ ಬಿತ್ತಂತೆ, ಪ್ಲಾಟು ಇದೆಯೇ, ಈಗಿನ ರೇಟು ಕೇಳಿದ್ದೀರಾ ಎಂದು. ಕೇಳಿದೆವು. ಅಂದು ಕಾಕಾ ಕೊಡುತ್ತೇನೆಂದದ್ದಕ್ಕಿಂತ ಮೇಲೆ ಹೋಗಿದೆ. ಇವರು ಫೋನು ಇಟ್ಟು ನನ್ನ ಕಡೆ ನೋಡಿದರು. ನಾನು ರೊಟ್ಟಿಯ ಕಡೆ ನೋಡಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ನನ್ನ ಓದುಗರೇ ನನ್ನನ್ನು ನಂಬಲಿಕ್ಕಿಲ್ಲ.

ಆದರೂ ಒಂದು ಮಾತು. ಯುಗಾದಿಯ ಮುನ್ನಾದಿನ ತಗಡಿನ ಮಾಡು ಹೊದಿಸಿ, ಗೋಡೆಗೆ ಗಿಲಾವು ಬಳಿಯದ ಎರಡು ಕೋಲಿಯೊಳಗೆ ಮೈಮುನಾ ಹೊಲಿಗೆ ಮಷಿನ್ನು ಇಟ್ಟಳು. ಹಬ್ಬದ ದಿನ ನಾವು ಬೇವು ಬೆಲ್ಲ ಒಯ್ದೆವು. ಸಾಮ್ರಾಜ್ಯ ನಗರದ ನೆಲದ ಮೇಲೆ ಮೊದಲ ಸಲ ಒಲೆ ಹೊತ್ತಿತ್ತು. ಆ ಒಲೆಯ ಚಹಾ ಕುಡಿದೆವು. ಎಷ್ಟೋ ವರ್ಷ ಆ ನೆಲ ನನ್ನದಾಗಿತ್ತು, ಅಲ್ಲಿ ಒಂದು ಕಪ್ಪು ಚಹಾ ಕುಡಿಯಬಹುದು ಎಂದು ಹೊಳೆದಿರಲಿಲ್ಲ.

ಇದಿಷ್ಟೇ ಆಗಿದ್ದರೆ ಈ ವಾರದ ಅಂಕಣಕ್ಕೆ ಬೇರೆ ಏನಾದರೂ ಬರೆಯುತ್ತಿದ್ದೆ. ಮೊನ್ನೆ ಭಾನುವಾರ ಬಾಗೇವಾಡಿ ಕಾಕಾ ಮನೆಗೆ ಬಂದರು. ಚಹಾ ಬೇಡ ಎಂದರು, ಕೊಟ್ಟ ಮೇಲೆ ಕುಡಿದರು. ಅವರ ಸಾಲಿನ ಮನೆಗಳನ್ನೂ ಸಾವಕಾರರು ಕೆಡವುತ್ತಾರಂತೆ, ದಸರೆಯೊಳಗೆ ಬಿಡಬೇಕಂತೆ. ಐದು ಪ್ಲಾಟಿನಲ್ಲಿ ಒಂದರಲ್ಲಿ ಕಟ್ಟಬಾರದೇ ಎಂದು ಕೇಳಿದೆ. ಈಗ ಏರುವ ಕಾಲ, ಈಗ ಕಟ್ಟಿದರೆ ದುಡ್ಡು ಸಾಯುತ್ತದೆ ಎಂದರು. ಆಮೇಲೆ ಕಪ್ಪಿನ ಕೆಳಗಿನ ಬಸಿಯ ಕಡೆ ನೋಡುತ್ತ, “ಮೈಮುನಾ ಮ್ಯಾಲ ಒಂದೆರಡು ಕೋಲಿ ಹಾಕ್ತಾಳೇನು ಒಂದು ಮಾತು ಕೇಳ್ರಿ. ನಾವು ಇಬ್ರ ಇರ್ತೇವಿ, ಗದ್ದಲ ಇಲ್ಲ. ಕಂಬ ಬಂದೈತಿ, ನೀರು ಬಂದೈತಿ, ಜಾಗಾ ಭಾಳ ಚಲೋ ಐತಿ” ಎಂದರು.

ಸಂಜೆ ಹೋಗಿ ಕೇಳಿದೆ. ಮೈಮುನಾ ಬಾಯಲ್ಲಿ ಟಾಚಣಿ ಪಿನ್ನು ಕಚ್ಚಿಕೊಂಡು ಯಾರದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದಳು. ಒಂದೊಂದೇ ಟಾಚಣಿ ತೆಗೆದಳು. ತಗಡಿನ ಮಾಡನ್ನು ಒಮ್ಮೆ ನೋಡಿದಳು, ಕಿಟಕಿಯಾಚೆಯ ಕಂಬವನ್ನು ಒಮ್ಮೆ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

“ಅಡ್ವಾನ್ಸ್ ಎಷ್ಟು ಹೇಳೂಣ್ರಿ ಅಕ್ಕಾ?”